ಡಿಸ್ಕಿಗೂ ಒಂದು ಪಾಲುಪಟ್ಟಿ

— ಶುರು ಮಾಡೋಣವೇ? ಹೋಮ್ ಪಾರ್ಟಿಶನ್ ಸ್ವಲ್ಪ ಕುಗ್ಗಿಸಿ, ಮಿಕ್ಕ ಜಾಗದಲ್ಲಿ ಇನ್ನೊಂದು ಲಿನಕ್ಸ್ ಹಾಕಬೇಕು ಅಂತ ಆಸೆ. ಪಾರ್ಟಿಶನ್ ತಿದ್ದುವ ಜಿಪಾರ್ಟೆಡ್ ತೆರೆದಿಟ್ಟಿದ್ದೇನೆ.

— ಸದ್ಯಕ್ಕೆ ಅದನ್ನು ಮುಚ್ಚು. ಟರ್ಮಿನಲ್ ತೆಗೆ. ಡಿಸ್ಕಿನಲ್ಲಿ ಈಗ ಏನೇನಿದೆ, ಎಲ್ಲಿಂದ ಎಲ್ಲಿಯವರೆಗಿದೆ ಅನ್ನುವುದನ್ನು ಮೊದಲು ಅಕ್ಷರದಲ್ಲಿ ಬರೆಸಿಕೊಳ್ಳೋಣ. ಕುಗ್ಗಿಸುವುದು, ಹಿಗ್ಗಿಸುವುದು ಎಲ್ಲ ಆಮೇಲೆ.

— ಜಿಪಾರ್ಟೆಡ್‌ನಲ್ಲೇ ಎಲ್ಲ ಕಾಣುತ್ತದಲ್ಲ! ಬಣ್ಣಬಣ್ಣದ ಪಟ್ಟಿ ಇದೆ, ಯಾವ ಪಾಲು ಎಷ್ಟು ಅಗಲ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಬೇಕಾದರೆ ಮೊಬೈಲಿನಲ್ಲಿ ಫೋಟೋ ತೆಗೆದಿಡುತ್ತೇನೆ.

— ನೋಡಿ ತಿಳಿಯುವುದಕ್ಕೆ ಚಿತ್ರ ಒಳ್ಳೆಯದೇ. ಆದರೆ ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ಹೊಲದ ಫೋಟೋ ತೆಗೆದು ಸುಮ್ಮನಾಗುತ್ತಾರೆಯೇ? ಪಾಲುಪಟ್ಟಿ ಬರೆಸುತ್ತಾರೆ. ಯಾರ ಪಾಲಿಗೆ ಎಷ್ಟು ಎಕರೆ, ಎಷ್ಟು ಗುಂಟೆ, ಮೂಡಲಿಗೆ ಏನು, ಪಡುವಲಿಗೆ ಏನು ಅಂತ ಚಕ್ಕುಬಂದಿ ಹಾಕಿಸುತ್ತಾರೆ. ನಾಳೆ ಬದು ಅಳಿಸಿಹೋದರೂ ಆ ಕಾಗದ ನೋಡಿ ಮತ್ತೆ ಬದು ಹಾಕಬಹುದು. ಡಿಸ್ಕಿಗೂ ಅಂಥದ್ದೇ ಒಂದು ಕಾಗದ ಬೇಕು. ಪಾರ್ಟಿಶನ್ ಅನ್ನುವ ಮಾತಿನ ಅರ್ಥವೇ ಪಾಲು ಮಾಡುವುದು.

— ಸರಿ, ಟರ್ಮಿನಲ್ ತೆಗೆದೆ. ಏನು ಬರೆಯಲಿ?

— ಎಲ್‌ಎಸ್‌ಬಿಎಲ್‌ಕೆ. ಬ್ಲಾಕ್ ಸಾಧನಗಳನ್ನು ಪಟ್ಟಿಮಾಡು ಅನ್ನುವುದರ ಸಂಕ್ಷೇಪ ಅದು. ಓದುವುದಷ್ಟೇ ಅದರ ಕೆಲಸ, ಡಿಸ್ಕಿನ ಮೇಲೆ ಏನನ್ನೂ ಬರೆಯುವುದಿಲ್ಲ. ಧೈರ್ಯವಾಗಿ ಹೊಡೆ.

— ಲೂಪ್0, ಲೂಪ್1 ಅಂತ ಹತ್ತು ಹದಿನೈದು ಸಾಲು ಬಂತು. ನನ್ನ ಡಿಸ್ಕು ಕೆಳಗೆಲ್ಲೋ ಇದೆ.

— ಅವು ನಿಜವಾದ ಡಿಸ್ಕುಗಳಲ್ಲ. ನಿನ್ನದು ಉಬುಂಟು. ಅದರಲ್ಲಿ ಸ್ನ್ಯಾಪ್ ರೂಪದಲ್ಲಿ ಬರುವ ಪ್ರತಿ ತಂತ್ರಾಂಶವೂ ಒಂದು ಕಡತ. ಆ ಕಡತವನ್ನೇ ಡಿಸ್ಕಿನಂತೆ ಜೋಡಿಸಿಕೊಂಡಿರುತ್ತದೆ. ಕರ್ನೆಲ್ ಲೆಕ್ಕದಲ್ಲಿ ಲೂಪ್ ಸಾಧನಗಳಿಗೆಲ್ಲ 7 ಅನ್ನುವ ಮುಖ್ಯಸಂಖ್ಯೆ ಇದೆ. ಆದೇಶದ ನಂತರ -ಇ 7 ಅಂತ ಸೇರಿಸಿದರೆ ಅವು ಪಟ್ಟಿಯಿಂದ ಹೊರಗುಳಿಯುತ್ತವೆ.

— ಈಗ ತಿಳಿಯಾಯಿತು. ಎಸ್‌ಡಿಎ, 465.8ಜಿ. ಅದರ ಕೆಳಗೆ ಕೊಂಬೆ ಒಡೆದಂತೆ ನಾಲ್ಕು: ಎಸ್‌ಡಿಎ1 512ಎಂ, ಎಸ್‌ಡಿಎ2 100ಜಿ, ಎಸ್‌ಡಿಎ3 8ಜಿ, ಎಸ್‌ಡಿಎ4 357.3ಜಿ. ಯಾವುದು ಎಲ್ಲಿ ಮೌಂಟ್ ಆಗಿದೆ ಅಂತಲೂ ಪಕ್ಕದಲ್ಲಿ ಬರೆದಿದೆ. ಆದರೆ ನಾನು ಕೊಂಡದ್ದು 500 ಜಿಬಿ ಡಿಸ್ಕು. ಮಿಕ್ಕ 34 ಜಿಬಿ ಎಲ್ಲಿ ಹೋಯಿತು?

— ಎಲ್ಲೂ ಹೋಗಿಲ್ಲ, ಅಳತೆಗೋಲು ಬೇರೆ ಅಷ್ಟೆ. ಡಬ್ಬಿಯ ಮೇಲೆ ಬರೆದ ಜಿಬಿ ಅಂದರೆ ನೂರು ಕೋಟಿ ಬೈಟು. ಎಲ್‌ಎಸ್‌ಬಿಎಲ್‌ಕೆ ಹೇಳುವ ಜಿ ಅಂದರೆ 1024ರ ಘನ, ಅಂದರೆ 107 ಕೋಟಿ 37 ಲಕ್ಷ ಚಿಲ್ಲರೆ ಬೈಟು. ಅದರ ಸರಿಯಾದ ಹೆಸರು ಗಿಬಿಬೈಟ್. ನಿನ್ನ ಡಿಸ್ಕಿನಲ್ಲಿ 512 ಬೈಟಿನ 97,67,73,168 ಸೆಕ್ಟರುಗಳಿವೆ. ಗುಣಿಸಿ ನೋಡು, ಐವತ್ತು ಸಾವಿರ ಕೋಟಿ ಬೈಟಿಗಿಂತ ಚೂರು ಹೆಚ್ಚೇ ಬರುತ್ತದೆ. ಅದನ್ನೇ 1024ರ ಘನದಿಂದ ಭಾಗಿಸಿದರೆ 465.8. ಎಕರೆಯಲ್ಲಿ ಹೇಳಿದ ಹೊಲವನ್ನು ಹೆಕ್ಟೇರಿನಲ್ಲಿ ಹೇಳಿದರೆ ಮಣ್ಣು ಕಡಿಮೆಯಾಗುವುದಿಲ್ಲವಲ್ಲ.

— ಜಾಗ ನೋಡುವುದಕ್ಕೆ ನಾನು ಇಷ್ಟು ದಿನ ಡಿಎಫ್ ಅನ್ನುವ ಆದೇಶ ಬಳಸುತ್ತಿದ್ದೆ.

— ಅದು ಮೌಂಟ್ ಆದ ಕಡತವ್ಯವಸ್ಥೆಗಳ ಲೆಕ್ಕ ಮಾತ್ರ ಕೊಡುತ್ತದೆ. ಮೌಂಟ್ ಆಗದ ಪಾಲು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆ ಪಟ್ಟಿಯಲ್ಲಿ ಕಾಣಲಿಲ್ಲವೆಂದು ಜಾಗ ಖಾಲಿ ಇದೆ ಅಂದುಕೊಂಡರೆ ಯಾರದೋ ಹೊಲ ಉತ್ತ ಹಾಗಾಗುತ್ತದೆ.

— ಎಫ್‌ಡಿಸ್ಕ್ -ಎಲ್ ಅಂತಲೂ ಒಂದಿದೆಯಲ್ಲ? ಹೊಡೆದೆ, ಅನುಮತಿ ಇಲ್ಲ ಅನ್ನುತ್ತಿದೆ.

— ಆದೇಶಕ್ಕೆ ಮೊದಲು ಸುಡೊ ಹಾಕು. ಯಾಕೆ ಬೇಕು ಅನ್ನುವುದನ್ನೂ ತಿಳಿದುಕೊ. ಎಲ್‌ಎಸ್‌ಬಿಎಲ್‌ಕೆ ಡಿಸ್ಕನ್ನು ಮುಟ್ಟುವುದಿಲ್ಲ. ಕರ್ನೆಲ್ ಆಗಲೇ ತಿಳಿದುಕೊಂಡಿರುವುದನ್ನು ಸಿಸ್ ಅನ್ನುವ ಡೈರೆಕ್ಟರಿಯಿಂದ ಓದಿ ಒಪ್ಪಿಸುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಎಫ್‌ಡಿಸ್ಕ್ ಡಿಸ್ಕನ್ನೇ ತೆರೆದು ಅದರ ಮೇಲಿರುವ ಪಟ್ಟಿಯನ್ನು ನೇರ ಓದುತ್ತದೆ. ಡಿಸ್ಕನ್ನು ಹಾಗೆ ಹಸಿಹಸಿಯಾಗಿ ಓದಬಲ್ಲವನು ಎಲ್ಲರ ಕಡತಗಳನ್ನೂ ಓದಬಲ್ಲ. ಆದ್ದರಿಂದ ಅಧಿಕಾರ ಬೇಕು. ಒಂದು ಕರ್ನೆಲ್ಲಿನ ನೆನಪು, ಇನ್ನೊಂದು ಡಿಸ್ಕಿನ ಬರಹ. ಮಾಮೂಲಿ ದಿನಗಳಲ್ಲಿ ಎರಡೂ ಒಂದೇ ಮಾತು ಹೇಳುತ್ತವೆ. ಬೇರೆ ಬೇರೆ ಹೇಳಿದ ದಿನ ಈ ವ್ಯತ್ಯಾಸ ಗೊತ್ತಿರಬೇಕು. ಗೊತ್ತಿಲ್ಲದೆ ನಾನೊಂದು ಇಡೀ ರಾತ್ರಿ ಒದ್ದಾಡಿದ್ದೇನೆ.

— ಏನಾಗಿತ್ತು?

— ಒಂದು ಹಳೆಯ ಡಿಸ್ಕಿನಲ್ಲಿ ನಮ್ಮ ಕಡೆಯ ತಾಳಮದ್ದಳೆಗಳ ಧ್ವನಿಮುದ್ರಣ ಇಟ್ಟಿದ್ದೆ. ಎಂಟು ವರ್ಷ ರಾತ್ರಿಯಿಡೀ ಕೂತು ಹಿಡಿದಿಟ್ಟದ್ದು. ಅದರಲ್ಲಿ ಮಾತಾಡಿದ ಅರ್ಥಧಾರಿಗಳು ಕೆಲವರು ಈಗಿಲ್ಲ. ಒಂದು ಸಂಜೆ ಹೊಸ ಪೆನ್‌ಡ್ರೈವ್ ಖಾಲಿಮಾಡಬೇಕಿತ್ತು. ಅದರ ಹೆಸರು ಎಸ್‌ಡಿಸಿ. ನಾನು ಟೈಪ್ ಮಾಡಿದ್ದು ಎಸ್‌ಡಿಬಿ. ಎಫ್‌ಡಿಸ್ಕ್‌ನಲ್ಲಿ ಓ ಒತ್ತಿದೆ, ಹೊಸ ಖಾಲಿ ಪಟ್ಟಿ ಸಿದ್ಧವಾಯಿತು. ಡಬ್ಲ್ಯೂ ಒತ್ತಿದೆ, ಅದು ಡಿಸ್ಕಿಗೆ ಬರೆದುಹೋಯಿತು. ಡಬ್ಲ್ಯೂ ಒತ್ತುವವರೆಗೆ ಎಫ್‌ಡಿಸ್ಕ್ ಎಲ್ಲವನ್ನೂ ನೆನಪಿನಲ್ಲಷ್ಟೇ ಇಟ್ಟುಕೊಂಡಿರುತ್ತದೆ, ಕ್ಯೂ ಒತ್ತಿ ಹೊರಬರಬಹುದು. ಆ ಒಂದು ಅಕ್ಷರದ ಅಂತರದಲ್ಲಿ ನಾನು ನಿಂತು ಓದಲಿಲ್ಲ.

— ಎಲ್ಲ ಹೋಯಿತೇ?

— ಆಗ ಅಂದುಕೊಂಡದ್ದು ಹಾಗೇ. ಡಿಸ್ಕು ಬಳಕೆಯಲ್ಲಿದ್ದದ್ದರಿಂದ ಹೊಸ ಪಟ್ಟಿಯನ್ನು ಓದಲಾಗಲಿಲ್ಲ, ಕರ್ನೆಲ್ ಇನ್ನೂ ಹಳೆಯ ಪಟ್ಟಿಯನ್ನೇ ಬಳಸುತ್ತಿದೆ ಎಂದು ತೆರೆಯ ಮೇಲೆ ಒಂದು ಎಚ್ಚರಿಕೆ ಬಂದಿತ್ತು. ನಿಜವಾಗಿ ನೋಡಿದರೆ ಅದು ವರ. ಡಿಸ್ಕಿನ ಮೇಲೆ ಬದು ಅಳಿಸಿತ್ತು, ಕರ್ನೆಲ್ಲಿನ ನೆನಪಿನಲ್ಲಿ ಅಳಿಸಿರಲಿಲ್ಲ. ಸಿಸ್ ಡೈರೆಕ್ಟರಿಯೊಳಗೆ ಬ್ಲಾಕ್, ಅದರೊಳಗೆ ಎಸ್‌ಡಿಬಿ, ಅದರೊಳಗೆ ಎಸ್‌ಡಿಬಿ1 ಅಂತ ಹೋದರೆ ಸ್ಟಾರ್ಟ್, ಸೈಜ್ ಎಂಬ ಎರಡು ಪುಟ್ಟ ಕಡತ ಇರುತ್ತವೆ. ಪಾಲು ಯಾವ ಸೆಕ್ಟರಿನಿಂದ ಶುರು, ಎಷ್ಟು ಸೆಕ್ಟರು ಉದ್ದ ಅನ್ನುವ ಎರಡು ಸಂಖ್ಯೆ. ಮೂರು ಪಾಲಿನ ಆರು ಸಂಖ್ಯೆ ಬರೆದುಕೊಂಡಿದ್ದರೆ ಐದು ನಿಮಿಷದಲ್ಲಿ ಎಲ್ಲ ಮರಳುತ್ತಿತ್ತು. ನಾನು ಗಾಬರಿಯಲ್ಲಿ ರೀಬೂಟ್ ಮಾಡಿದೆ. ಕರ್ನೆಲ್ ಮತ್ತೆ ಎದ್ದು ಡಿಸ್ಕಿನ ಖಾಲಿ ಪಟ್ಟಿಯನ್ನೇ ಓದಿತು. ಇದ್ದ ಒಂದು ಸಾಕ್ಷಿಯನ್ನೂ ನನ್ನ ಕೈಯಾರೆ ಕಳೆದೆ.

— ಆಮೇಲೆ?

— ಟೆಸ್ಟ್‌ಡಿಸ್ಕ್ ಅಂತ ಒಂದು ಮುಕ್ತ ತಂತ್ರಾಂಶ ಇದೆ, ಕ್ರಿಸ್ಟೋಫ್ ಗ್ರೆನಿಯೆ ಬರೆದದ್ದು. ಕಡತವ್ಯವಸ್ಥೆಗಳು ಶುರುವಾಗುವ ಕಡೆ ಇರುವ ಗುರುತುಗಳನ್ನು ಅದು ಡಿಸ್ಕಿನುದ್ದಕ್ಕೂ ಹುಡುಕುತ್ತದೆ. ಬೆಳಗಿನ ಜಾವ ಮೂರೂ ಪಾಲು ಸಿಕ್ಕವು. ಧ್ವನಿಮುದ್ರಣಗಳು ಉಳಿದವು. ಉಳಿಯಲು ಕಾರಣ, ಎಫ್‌ಡಿಸ್ಕ್ ಅಳಿಸಿದ್ದು ಪಟ್ಟಿಯನ್ನು ಮಾತ್ರ. ಹೊಲ ಇದ್ದಲ್ಲೇ ಇತ್ತು, ಬದು ಮಾತ್ರ ಕಾಣುತ್ತಿರಲಿಲ್ಲ.

— ಆ ಪಟ್ಟಿ ಎಷ್ಟು ದೊಡ್ಡದಿರುತ್ತದೆ?

— ಹಳೆಯ ಪದ್ಧತಿಯಲ್ಲಿ 64 ಬೈಟು. ಒಂದು ಉದ್ದನೆಯ ವಾಕ್ಯದಷ್ಟೂ ಇಲ್ಲ. 1983ರಲ್ಲಿ ಐಬಿಎಂ ಕಂಪನಿಯ ಪಿಸಿ ಎಕ್ಸ್‌ಟಿ ಎಂಬ ಯಂತ್ರ ಬಂತು, 10 ಎಂಬಿ ಹಾರ್ಡ್‌ಡಿಸ್ಕಿನೊಂದಿಗೆ. ಅದರ ಜೊತೆಗೆ ಬಂದ ಡಾಸ್ 2.0ರಲ್ಲಿ ಡಿಸ್ಕನ್ನು ಪಾಲುಮಾಡುವ ಈ ವ್ಯವಸ್ಥೆ ಶುರುವಾಯಿತು. ಡಿಸ್ಕಿನ ಮೊಟ್ಟಮೊದಲ ಸೆಕ್ಟರು 512 ಬೈಟು. ಮೊದಲ 446 ಬೈಟು ಯಂತ್ರವನ್ನು ಎಬ್ಬಿಸುವ ಸಂಕೇತಕ್ಕೆ, ಮುಂದಿನ 64 ಬೈಟು ಪಾಲಿನ ಪಟ್ಟಿಗೆ, ಕೊನೆಯ 2 ಬೈಟು ಮುದ್ರೆಗೆ. ಒಂದು ಪಾಲಿಗೆ 16 ಬೈಟು ಬೇಕು. ಹಾಗಾಗಿ ನಾಲ್ಕೇ ಪಾಲು.

— ಹಳೆಯ ಯಂತ್ರಗಳಲ್ಲಿ ಎಸ್‌ಡಿಎ1, ಎಸ್‌ಡಿಎ2 ಆದಮೇಲೆ ಒಮ್ಮೆಲೇ ಎಸ್‌ಡಿಎ5 ಅಂತ ಬರುವುದನ್ನು ನೋಡಿದ್ದೇನೆ. ಅದಕ್ಕೂ ಇದೇ ಕಾರಣವೇ?

— ಇದೇ. ನಾಲ್ಕರಲ್ಲಿ ಒಂದನ್ನು ವಿಸ್ತೃತ ಪಾಲು ಅಂತ ಮಾಡಿ, ಅದರೊಳಗೆ ಮತ್ತೆ ಒಳಪಾಲುಗಳನ್ನು ಹುಟ್ಟಿಸುತ್ತಿದ್ದರು. ಒಂದರಿಂದ ನಾಲ್ಕು ಮುಖ್ಯ ಪಾಲುಗಳಿಗೆ ಮೀಸಲು, ಒಳಪಾಲುಗಳ ಎಣಿಕೆ ಐದರಿಂದ. ಆ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ ಜಾಗ. 512 ಬೈಟಿನ ಸೆಕ್ಟರಾದರೆ ಎರಡು ಟೆಬಿಬೈಟಿನಾಚೆ ಅದಕ್ಕೆ ಎಣಿಸಲು ಬಾರದು. ಆದ್ದರಿಂದ ಈಗಿನ ಯಂತ್ರಗಳಲ್ಲಿ ಜಿಪಿಟಿ ಎಂಬ ಹೊಸ ಪದ್ಧತಿ ಬಂದಿದೆ. ಎಫ್‌ಡಿಸ್ಕ್ ಕೊಟ್ಟ ಉತ್ತರದಲ್ಲಿ ಡಿಸ್ಕ್‌ಲೇಬಲ್ ಅನ್ನುವ ಸಾಲು ನೋಡು.

— ಜಿಪಿಟಿ ಅಂತಲೇ ಇದೆ.

— ಅದರಲ್ಲಿ ಸಾಮಾನ್ಯವಾಗಿ 128 ಪಾಲಿಗೆ ಜಾಗ, ಒಂದೊಂದಕ್ಕೂ 128 ಬೈಟು. ಪಟ್ಟಿ ಸರಿ ಇದೆಯೇ ಎಂದು ಪರೀಕ್ಷಿಸುವ ತಾಳೆಸಂಖ್ಯೆಯೂ ಇದೆ. ಡಿಸ್ಕಿನ ಆರಂಭದಲ್ಲಿ ಒಂದು ಪ್ರತಿ, ಕೊನೆಯಲ್ಲಿ ಇನ್ನೊಂದು. ಮೊದಲನೆಯದು ಕೆಟ್ಟರೆ ಎರಡನೆಯದರಿಂದ ಸರಿಪಡಿಸಬಹುದು.

— ಹಾಗಿದ್ದರೆ ಭಯ ಇಲ್ಲವಲ್ಲ. ಡಿಸ್ಕೇ ತನ್ನ ನಕಲು ಇಟ್ಟುಕೊಂಡಿದೆ.

— ಆಕಸ್ಮಿಕವಾಗಿ ಕೆಟ್ಟರೆ ಆ ನಕಲು ಕಾಯುತ್ತದೆ. ಹೊಸ ಪಟ್ಟಿ ಮಾಡು ಅಂತ ನೀನೇ ಅಪ್ಪಣೆ ಕೊಟ್ಟರೆ ತಂತ್ರಾಂಶ ಎರಡೂ ಕಡೆ ಹೊಸದನ್ನೇ ಬರೆಯುತ್ತದೆ. ಡಿಸ್ಕಿನ ಹೊರಗೊಂದು ನಕಲು ಬೇಕು ಅನ್ನುವುದು ಅದಕ್ಕೇ. ಈಗ ಎಸ್‌ಎಫ್‌ಡಿಸ್ಕ್ ಬಳಸು. ಎಫ್‌ಡಿಸ್ಕ್, ಎಲ್‌ಎಸ್‌ಬಿಎಲ್‌ಕೆ ಬರುವ ಯುಟಿಲ್-ಲಿನಕ್ಸ್ ಎಂಬ ಕಟ್ಟಿನಲ್ಲೇ ಇದೂ ಇದೆ. ಸುಡೊ, ಎಸ್‌ಎಫ್‌ಡಿಸ್ಕ್, ಎರಡು ಅಡ್ಡಗೆರೆ ಹಾಕಿ ಡಂಪ್, ಆಮೇಲೆ ಡೆವ್ ಒಳಗಿನ ಎಸ್‌ಡಿಎ.

— ಬಂತು. ಮೇಲೆ ಡಿಸ್ಕಿನ ಗುರುತು, ಸೆಕ್ಟರಿನ ಅಳತೆ ಎಲ್ಲ ಇದೆ. ಕೆಳಗೆ ನಾಲ್ಕು ಸಾಲು. ಆರಂಭ, ಅಳತೆ ಮಾತ್ರ ಓದುತ್ತೇನೆ:

ಎಸ್‌ಡಿಎ1: ಆರಂಭ 2048, ಅಳತೆ 1048576
ಎಸ್‌ಡಿಎ2: ಆರಂಭ 1050624, ಅಳತೆ 209715200
ಎಸ್‌ಡಿಎ3: ಆರಂಭ 210765824, ಅಳತೆ 16777216
ಎಸ್‌ಡಿಎ4: ಆರಂಭ 227543040, ಅಳತೆ 749228032

— ಇದೇ ನಿನ್ನ ಡಿಸ್ಕಿನ ಪಾಲುಪಟ್ಟಿ. ಈಗ ಚಕ್ಕುಬಂದಿ ತಾಳೆ ನೋಡೋಣ. ಮೊದಲ ಪಾಲಿನ ಆರಂಭಕ್ಕೆ ಅದರ ಅಳತೆ ಕೂಡಿಸು.

— 2048, 1048576... ಕೂಡಿದರೆ 1050624. ಅರೆ, ಎರಡನೆಯ ಪಾಲು ಶುರುವಾಗುವುದೇ ಅಲ್ಲಿ!

— ಮುಂದಿನದಕ್ಕೂ ಹಾಗೇ ಮಾಡು.

— 1050624ಕ್ಕೆ 209715200 ಸೇರಿಸಿದರೆ 210765824. ಅದಕ್ಕೆ 16777216 ಸೇರಿಸಿದರೆ 227543040. ಎಲ್ಲೂ ಒಂದು ಸೆಕ್ಟರಿನ ಸಂದೂ ಇಲ್ಲ, ಒಂದರ ಮೇಲೊಂದು ಹತ್ತಿಲ್ಲ.

— ಬಣ್ಣದ ಚಿತ್ರ ಈ ಲೆಕ್ಕ ಹೇಳುತ್ತಿರಲಿಲ್ಲ. ಆರಂಭ ಒಂದು ಸೆಕ್ಟರು ಆಚೀಚೆಯಾದರೂ ಕಡತವ್ಯವಸ್ಥೆ ತನ್ನ ತಲೆಯನ್ನು ಹುಡುಕಲಾರದೆ ಮೌಂಟ್ ಆಗುವುದಿಲ್ಲ. ಅಂದಾಜಿನ ಬದು ಇಲ್ಲಿ ನಡೆಯದು.

— ಮೊದಲ ಪಾಲು 2048ರಿಂದಲೇ ಯಾಕೆ ಶುರು? ಸೊನ್ನೆಯ ಹತ್ತಿರ ಯಾಕಿಲ್ಲ?

— ಮೊದಲ ಕೆಲವು ಸೆಕ್ಟರು ಪಟ್ಟಿಗೇ ಬೇಕು. ಆದರೆ ಜಿಪಿಟಿಗೆ 34 ಸೆಕ್ಟರು ಸಾಕು. 2048 ಸೆಕ್ಟರು ಅಂದರೆ ಸರಿಯಾಗಿ ಒಂದು ಮೆಬಿಬೈಟ್. ಈಗಿನ ಎಷ್ಟೋ ಡಿಸ್ಕುಗಳು ಒಳಗೆ 4096 ಬೈಟಿನ ಸೆಕ್ಟರು ಇಟ್ಟುಕೊಂಡು ಹೊರಗೆ 512 ಅಂತ ತೋರಿಸುತ್ತವೆ. ಪಾಲಿನ ಅಂಚು ಒಳಗಿನ ಸೆಕ್ಟರಿನ ಅಂಚಿಗೆ ಹೊಂದದಿದ್ದರೆ ಒಂದು ಬರಹಕ್ಕೆ ಎರಡೆರಡು ಸೆಕ್ಟರು ತಿದ್ದಬೇಕಾಗಿ ಡಿಸ್ಕು ನಿಧಾನವಾಗುತ್ತದೆ. ಹಿಂದೆ ಮೊದಲ ಪಾಲು 63ನೇ ಸೆಕ್ಟರಿನಿಂದ ಶುರುವಾಗುತ್ತಿತ್ತು. ಒಳಗಿನ ಒಂದು ಸೆಕ್ಟರೆಂದರೆ ಹೊರಗಿನ ಎಂಟು. 63 ಎಂಟರಿಂದ ಭಾಗವಾಗುವುದಿಲ್ಲ, 2048 ಆಗುತ್ತದೆ. ಹಳೆಯ ಡಿಸ್ಕಿನ ಪಟ್ಟಿಯಲ್ಲಿ 63 ಕಂಡರೆ ಅದರ ಕಾಲ ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ.

— ಈಗ ಇದನ್ನು ಉಳಿಸಬೇಕು.

— ಅದೇ ಆದೇಶದ ಕೊನೆಗೆ > ಚಿಹ್ನೆ ಹಾಕಿ ಒಂದು ಕಡತದ ಹೆಸರು ಕೊಡು. ತೆರೆಗೆ ಬರುತ್ತಿದ್ದ ಪಠ್ಯ ಕಡತಕ್ಕೆ ಹೋಗುತ್ತದೆ. ಮರಳಿ ಕೂರಿಸಬೇಕಾದ ದಿನ ಎಸ್‌ಎಫ್‌ಡಿಸ್ಕ್‌ಗೆ ಡಿಸ್ಕಿನ ಹೆಸರು ಕೊಟ್ಟು, < ಚಿಹ್ನೆ ಹಾಕಿ ಇದೇ ಕಡತ ಕೊಟ್ಟರೆ ಪಟ್ಟಿ ಇದ್ದ ಹಾಗೆಯೇ ಡಿಸ್ಕಿನ ಮೇಲೆ ಕೂರುತ್ತದೆ, ಪ್ರತಿ ಪಾಲಿನ ಗುರುತುಸಂಖ್ಯೆ ಸಹಿತ. ಮನುಷ್ಯನೂ ಓದಬಲ್ಲ, ಯಂತ್ರವೂ ಓದಬಲ್ಲದು. ಯುನಿಕ್ಸ್ ಕಟ್ಟಿದವರು ಪಠ್ಯವನ್ನು ನಚ್ಚಿಕೊಂಡದ್ದರ ಫಲ ಇದು. ಒಂದು ಆದೇಶ ಉಗುಳಿದ್ದನ್ನು ಇನ್ನೊಂದು ಆದೇಶ ನುಂಗಬಲ್ಲದು.

— ಒಂದು ಸಂಶಯ. ಕುಗ್ಗಿಸುವ ಕೆಲಸಕ್ಕೆ ನಾನು ಪೆನ್‌ಡ್ರೈವಿನಿಂದ ಲೈವ್ ಲಿನಕ್ಸ್ ಬೂಟ್ ಮಾಡಬೇಕಲ್ಲ. ಅಲ್ಲೂ ಈ ಡಿಸ್ಕು ಎಸ್‌ಡಿಎ ಅಂತಲೇ ಇರುತ್ತದೆಯೇ?

— ಇರಲೇಬೇಕೆಂದಿಲ್ಲ. ಎ, ಬಿ, ಸಿ ಅನ್ನುವುದು ಕರ್ನೆಲ್ಲಿಗೆ ಡಿಸ್ಕುಗಳು ಕಂಡ ಕ್ರಮ. ಪೆನ್‌ಡ್ರೈವ್ ಮೊದಲು ಕಂಡರೆ ಅದೇ ಎಸ್‌ಡಿಎ ಆಗಿ ನಿನ್ನ ಡಿಸ್ಕು ಎಸ್‌ಡಿಬಿ ಆಗಬಹುದು. ಹೆಸರು ತಪ್ಪಿ ಕೆಟ್ಟವರಲ್ಲಿ ದೊಡ್ಡವರೂ ಇದ್ದಾರೆ. 1991ರಲ್ಲಿ ಹೆಲ್ಸಿಂಕಿಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಮೋಡೆಮ್‌ಗೆ ಕಳಿಸಬೇಕಿದ್ದ ಡಯಲ್ ಆದೇಶವನ್ನು ತಪ್ಪಿ ಹಾರ್ಡ್‌ಡಿಸ್ಕಿಗೆ ಕಳಿಸಿ, ಮಿನಿಕ್ಸ್ ಇದ್ದ ಪಾಲನ್ನೇ ಕೆಡಿಸಿಕೊಂಡರು. ಮಿನಿಕ್ಸ್ ಮತ್ತೆ ಹಾಕದೆ ತಾವು ಬರೆಯುತ್ತಿದ್ದ ಲಿನಕ್ಸನ್ನೇ ನೆಚ್ಚಿದರು. ಅವರ ಕೈಯಲ್ಲಿ ಲಿನಕ್ಸ್ ಇತ್ತು. ನಮ್ಮ ಕೈಯಲ್ಲಿ ಎಚ್ಚರ ಒಂದೇ ಇರುವುದು.

— ಹಾಗಾದರೆ ಡಿಸ್ಕನ್ನು ಗುರುತಿಸುವುದು ಹೇಗೆ?

— ಎಲ್‌ಎಸ್‌ಬಿಎಲ್‌ಕೆಗೆ -ಓ ಅಂತ ಕೊಟ್ಟು ನೇಮ್, ಸೈಜ್, ಮಾಡೆಲ್, ಸೀರಿಯಲ್ ಅಂತ ಕಾಲಮುಗಳನ್ನು ಕೇಳು. ತಯಾರಕರು ಕೊಟ್ಟ ಕ್ರಮಸಂಖ್ಯೆ ಬೂಟ್‌ನಿಂದ ಬೂಟ್‌ಗೆ ಬದಲಾಗುವುದಿಲ್ಲ. ಇನ್ನೊಮ್ಮೆ -ಎಫ್ ಕೊಟ್ಟು ಹೊಡೆ. ಯಾವ ಪಾಲಿನಲ್ಲಿ ಎಕ್ಸ್‌ಟಿ4 ಇದೆ, ಯಾವುದರಲ್ಲಿ ಸ್ವಾಪ್ ಇದೆ, ಒಂದೊಂದರ ಗುರುತಾದ ಯುಯುಐಡಿ ಏನು ಎಲ್ಲ ಬರುತ್ತದೆ. ಎಸ್‌ಎಫ್‌ಡಿಸ್ಕ್ ಬದುವಿನ ಲೆಕ್ಕ ಕೊಡುತ್ತದೆ, ಹೊಲದಲ್ಲಿ ಯಾವ ಬೆಳೆ ಇದೆ ಅಂತ ಹೇಳುವುದಿಲ್ಲ. ಎರಡೂ ಬೇಕು. ಬೂಟ್ ಆಗುವಾಗ ಯಾವ ಪಾಲನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲೂ ಈಗ ಎಸ್‌ಡಿಎ2 ಅಂತ ಬರೆಯದೆ ಯುಯುಐಡಿ ಬರೆಯುವುದು ಇದೇ ಕಾರಣಕ್ಕೆ.

— ಮೂರೂ ಪಟ್ಟಿ ಒಂದೇ ಕಡತಕ್ಕೆ ಹಾಕಲೇ?

— ಬೇರೆ ಬೇರೆ ಇರಲಿ. ಎಸ್‌ಎಫ್‌ಡಿಸ್ಕ್ ಕೊಟ್ಟದ್ದನ್ನು ತಿದ್ದದೆ ಇಟ್ಟರೇ ಮರಳಿ ಅದಕ್ಕೆ ಉಣಿಸಬಹುದು. ಕಡತದ ಹೆಸರಿನಲ್ಲಿ ಯಂತ್ರದ ಹೆಸರು, ತಾರೀಖು ಸೇರಿಸು. ಮುಂದೆಂದಾದರೂ ಇದನ್ನೇ ಸ್ಕ್ರಿಪ್ಟಿನಲ್ಲಿ ಬಳಸುವುದಾದರೆ ಕಾಲಮುಗಳನ್ನು ಹೆಸರು ಹೇಳಿಯೇ ಕೇಳಬೇಕು. ಎಲ್‌ಎಸ್‌ಬಿಎಲ್‌ಕೆ ತಾನಾಗಿ ತೋರಿಸುವ ಕಾಲಮುಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು ಅಂತ ಅದರ ಕೈಪಿಡಿಯೇ ಎಚ್ಚರಿಸುತ್ತದೆ.

— ಹೋಮ್‌ನಲ್ಲೇ ಉಳಿಸಿದೆ.

— ಹೋಮ್ ಇರುವುದು ಎಲ್ಲಿ?

— ಎಸ್‌ಡಿಎ4ರಲ್ಲಿ... ಅಯ್ಯೋ, ಆ ಪಾಲು ಕಾಣೆಯಾದರೆ ಅದರ ಕಾಗದವೂ ಅದರೊಳಗೇ ಕಾಣೆಯಾಗುತ್ತದೆ!

— ಪಾಲುಪಟ್ಟಿಯನ್ನು ಹೊಲದಲ್ಲಿ ಹೂತಿಡುವವರಿಲ್ಲ. ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕು, ನಿನಗೆ ನೀನೇ ಒಂದು ಇಮೇಲ್ ಕಳಿಸು. ಎಲ್ಲ ಸೇರಿದರೂ ಕೆಲವೇ ಸಾವಿರ ಬೈಟು. ಕಾಗದದಲ್ಲಿ ಮುದ್ರಿಸಿದರೆ ಅರ್ಧ ಪುಟ. ಕರೆಂಟು ಇಲ್ಲದಾಗಲೂ ಕಾಗದ ಓದಬಹುದು.

— ಇದಿದ್ದರೆ ಡೇಟಾ ಸುರಕ್ಷಿತ ಅಂತ ತಿಳಿಯಬಹುದೇ?

— ಇಲ್ಲ, ಈ ಮಾತು ಗಟ್ಟಿಯಾಗಿ ನೆನಪಿಡು. ಪಾಲುಪಟ್ಟಿ ಬದುವನ್ನು ಮರಳಿ ಕೊಡುತ್ತದೆ, ಬೆಳೆಯನ್ನಲ್ಲ. ಪಾಲಿನೊಳಗೆ ಬೇರೇನೋ ಬರೆದುಹೋದರೆ, ಡಿಸ್ಕೇ ಸತ್ತರೆ, ಈ ಪಠ್ಯದಿಂದ ಒಂದು ಫೋಟೋ ಕೂಡ ಹಿಂತಿರುಗುವುದಿಲ್ಲ. ಅದಕ್ಕೆ ಕಡತಗಳ ಬ್ಯಾಕಪ್ಪೇ ಬೇಕು. ಪಾಲನ್ನು ಲಕ್ಸ್ ವಿಧಾನದಲ್ಲಿ ಗೂಢಲಿಪೀಕರಿಸಿದ್ದರೆ ಅದರ ಶಿರೋಭಾಗಕ್ಕೂ ಪ್ರತ್ಯೇಕ ನಕಲು ಬೇಕು. ಅದು ಕೆಟ್ಟರೆ ಗುಪ್ತಪದ ಗೊತ್ತಿದ್ದರೂ ಬೀಗ ತೆರೆಯದು. ಆ ತಾಳಮದ್ದಳೆಗಳ ಪ್ರತಿ ಈಗ ಬೇರೆ ಬೇರೆ ಊರಿನ ಎರಡು ಡಿಸ್ಕುಗಳಲ್ಲಿದೆ. ಮೂಲದ್ದೂ ಸೇರಿ ಮೂರೂ ಡಿಸ್ಕಿನ ಪಾಲುಪಟ್ಟಿ ನನ್ನ ಮೇಜಿನ ಖಾನೆಯಲ್ಲಿದೆ.

— ಹೋಮ್‌ನ ಬ್ಯಾಕಪ್ ನಿನ್ನೆಯೇ ತೆಗೆದಿದ್ದೇನೆ. ಪಟ್ಟಿಗಳು ಪೆನ್‌ಡ್ರೈವಿಗೆ ಹೋದವು, ಇಮೇಲೂ ಹೋಯಿತು. ಇನ್ನು ಲೈವ್ ಲಿನಕ್ಸ್ ಬೂಟ್ ಮಾಡಿ, ಕ್ರಮಸಂಖ್ಯೆ ತಾಳೆ ನೋಡಿ, ಜಿಪಾರ್ಟೆಡ್ ತೆರೆಯಬಹುದೇ?

— ತೆರೆ. ಕೆಲಸ ಮುಗಿದ ಮೇಲೆ ಅದೇ ಆದೇಶಗಳನ್ನು ಇನ್ನೊಮ್ಮೆ ಹೊಡೆದು ಹೊಸ ಪಟ್ಟಿ ಬರೆಸು. ಆಗ ಎಸ್‌ಡಿಎ4ರ ಅಳತೆ 749228032 ಆಗಿರುವುದಿಲ್ಲ, ಐದನೆಯದೊಂದು ಸಾಲೂ ಸೇರಿರುತ್ತದೆ. ಇವತ್ತಿನ ಪಟ್ಟಿಯನ್ನು ಆ ಡಿಸ್ಕಿನ ಮೇಲೆ ಕೂರಿಸಿದರೆ ಹೊಸ ಪಾಲು ಕಾಣೆಯಾಗುತ್ತದೆ. ಪಾಲು ಬದಲಾದ ದಿನವೇ ಪಾಲುಪಟ್ಟಿಯನ್ನೂ ಬರೆಸಬೇಕು.